ಬಳ್ಳಾರಿ ಗುಡ್ಡದಿಂದ ಸಹಸ್ರತಾಲದವರೆಗೆ

ರೈಲಿನಲ್ಲಿ ಬರಲಿ, ಬಸ್ಸಿನಲ್ಲಿ ಬರಲಿ, ಬಳ್ಳಾರಿಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಗುಡ್ಡ. ಊರಿನ ನಡುವೆ ಬರಿಯ ಬಂಡೆ ಎದ್ದು ನಿಂತಿದೆ. ನೆಲದಿಂದ ಸುಮಾರು 480 ಅಡಿ ಎತ್ತರ. ಮೇಲಿನ ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಗಿನ ಕೋಟೆ 18ನೇ ಶತಮಾನದಲ್ಲಿ ಹೈದರ್ ಅಲಿ ಕಟ್ಟಿಸಿದ್ದು.

ಈ ಕೆಳಗಿನ ಕೋಟೆಗೆ ಒಂದು ಕಥೆಯಿದೆ. ಬಳ್ಳಾರಿಯ ಮಕ್ಕಳೆಲ್ಲ ಅಜ್ಜ ಅಜ್ಜಿಯರಿಂದ ಕೇಳಿರುತ್ತಾರೆ. ಕೋಟೆಯ ಕೆಲಸಕ್ಕೆ ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಇಟ್ಟುಕೊಂಡಿದ್ದನಂತೆ. ಬುರುಜು, ಕಂದಕ, ಬಾಗಿಲು ಎಲ್ಲ ಮುಗಿಯಿತು. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ! ಶತ್ರು ಅಲ್ಲಿ ಫಿರಂಗಿ ಏರಿಸಿದರೆ ಕೋಟೆಯ ಒಳಗೇ ಗುಂಡು ಬೀಳುತ್ತದೆ. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದ ಎನ್ನುತ್ತಾರೆ. ಪೂರ್ವದ ಬಾಗಿಲ ಹತ್ತಿರದ ಒಂದು ಗೋರಿಯನ್ನು ತೋರಿಸಿ ಅದು ಅವನದೇ ಎನ್ನುವವರೂ ಇದ್ದಾರೆ.

ಕಥೆ ನಿಜವೋ ಸುಳ್ಳೋ, ಅದರಲ್ಲೊಂದು ಲೆಕ್ಕವಿದೆ. ಆ ಗುಡ್ಡದ ಮೇಲೆ ಮೊದಲು ಕೋಟೆ ಕಟ್ಟಿಸಿದವನು ನಾಯಕ. ಅಲ್ಲೇ ಮುಂದುವರಿಸಲು ಒಪ್ಪಿದವನು ಹೈದರ್. ಕುಂಬಾರ ಗುಡ್ಡವನ್ನು ದಿನಾ ನೋಡುತ್ತಾ ಕಲ್ಲು ಹೊತ್ತವರು ನೂರಾರು ಜನ. ಹಗ್ಗ ಬಿದ್ದದ್ದು ಒಂದೇ ಕೊರಳಿಗೆ. ಅವನು ಸತ್ತ ಮೇಲೆ ಕುಂಬಾರ ಗುಡ್ಡ ಒಂದು ಅಂಗುಲವೂ ತಗ್ಗಲಿಲ್ಲ.

ಒಂದು ಫಾರಂ, ಒಂದು ಸಹಿ

ಈ ಹಳೆಯ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿದೆ. ನನ್ನ ಮೊಮ್ಮಗಳು ಮೊದಲ ವರ್ಷದ ಪಿಯುಸಿ ಓದುತ್ತಾಳೆ. ಬೇಸಿಗೆ ರಜೆಯಲ್ಲಿ ಹಿಮಾಲಯಕ್ಕೆ ಚಾರಣ ಹೋಗಬೇಕೆಂದು ಅವಳ ಆಸೆ. ಅದಕ್ಕೊಂದು ಫಾರಂ ತಂದಳು. ಅವಳಪ್ಪ ಕೆಲಸದ ಮೇಲೆ ಹೊರರಾಜ್ಯದಲ್ಲಿದ್ದುದರಿಂದ ಪೋಷಕರ ಸಹಿಗೆ ಅದು ನನ್ನ ಮುಂದೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಯಾವ ಕಾಗದ ಕೊಟ್ಟರೂ ಮೊದಲು ತಳದ ಸಣ್ಣ ಅಕ್ಷರ ಓದುತ್ತೇನೆ. ಅಲ್ಲಿ ಹೀಗಿತ್ತು: ದಾರಿಯಲ್ಲಿ ಏನೇ ಆದರೂ ಅದಕ್ಕೆ ಹೋಗುವವರೇ ಹೊಣೆ, ಕರೆದೊಯ್ಯುವವರು ಹೊಣೆಯಲ್ಲ.

ಅವಳ ಅಮ್ಮ ಒಂದೇ ಮಾತಿನಲ್ಲಿ, "ಬೇಡ ಮಾವ, ಸಹಸ್ರತಾಲದ ಸುದ್ದಿ ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತೆ" ಅಂದಳು. ಆರನೇ ಇಯತ್ತೆಯ ಮೊಮ್ಮಗ ಕೇಳಿದ, "ಅಲ್ಲಿ ತಪ್ಪು ಯಾರದು ತಾತ?"

ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಆ ಸುದ್ದಿ ನೆನಪಿರಬಹುದು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.

2024ರ ಜೂನ್ 3

ಉತ್ತರಾಖಂಡದ ಉತ್ತರಕಾಶಿ ಮತ್ತು ತೆಹ್ರಿ ಜಿಲ್ಲೆಗಳ ಗಡಿಯಲ್ಲಿ, 14,000 ಅಡಿಗೂ ಮೇಲೆ, ಸಹಸ್ರತಾಲ ಎಂಬ ಸರೋವರಗಳಿವೆ. ನಮ್ಮ ಬಳ್ಳಾರಿ ಗುಡ್ಡದ ತುದಿ ಸಮುದ್ರಮಟ್ಟದಿಂದ 2,000 ಅಡಿಯೊಳಗೇ ಇದೆ. ಅಂದರೆ ಅದರ ಏಳು ಪಟ್ಟು ಎತ್ತರ. ಬೆಂಗಳೂರಿನ ಕರ್ನಾಟಕ ಮೌಂಟನೇರಿಂಗ್ ಅಸೋಸಿಯೇಷನ್ ಮೂಲಕ ಒಂದು ತಂಡ ಅಲ್ಲಿಗೆ ಹೊರಟಿತು. ಕರ್ನಾಟಕದ 18 ಮಂದಿ, ಮಹಾರಾಷ್ಟ್ರದ ಒಬ್ಬರು, ಸ್ಥಳೀಯ ಗೈಡ್‌ಗಳು ಮೂವರು, ಒಟ್ಟು 22 ಜನ. ಮೇ 29ರಂದು ಚಾರಣ ಶುರುವಾಯಿತು. ಜೂನ್ 7ಕ್ಕೆ ವಾಪಸಾಗಬೇಕಿತ್ತು.

ಜೂನ್ 3ರ ಮಧ್ಯಾಹ್ನ ಹಿಮಗಾಳಿ ಎದ್ದಿತು. ಎದುರಿಗೆ ನಿಂತವರೂ ಕಾಣದ ಹಾಗೆ ಹಿಮ ಸುರಿಯಿತು. ಡೇರೆಗಳಿದ್ದ ಜಾಗಕ್ಕೆ ವಾಪಸಾಗಲು ಆಗಲಿಲ್ಲ. ಬಂಡೆಗಳ ಮರೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಫೋನಿಗೆ ಸಿಗ್ನಲ್ ಇಲ್ಲ. ಸುದ್ದಿ ಹೊರಜಗತ್ತಿಗೆ ತಲುಪುವಷ್ಟರಲ್ಲಿ ಒಂದು ರಾತ್ರಿಯೇ ಕಳೆದಿತ್ತು. ಜೂನ್ 4ರಂದು ದೇಶವೆಲ್ಲ ಟಿವಿ ಮುಂದೆ ಕೂತು ಲೋಕಸಭೆ ಚುನಾವಣೆಯ ಎಣಿಕೆ ನೋಡುತ್ತಿದ್ದಾಗ ಅವರು ಬೆಟ್ಟದ ಮೇಲೆ ನೆರವಿಗೆ ಕಾಯುತ್ತಿದ್ದರು. 5ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳೂ ಉತ್ತರಾಖಂಡದ ವಿಪತ್ತು ಪರಿಹಾರ ಪಡೆಯವರೂ ತಲುಪಿದರು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. 13 ಮಂದಿ ಬದುಕಿ ಬಂದರು. 9 ಮಂದಿ ಬರಲಿಲ್ಲ. ತೀರಿಕೊಂಡವರಲ್ಲಿ ಕಿರಿಯರಿಗೆ 34 ವರ್ಷ, ಹಿರಿಯರಿಗೆ 71.

ಆಮೇಲೆ ಶುರುವಾಯಿತು ತಪ್ಪು ಯಾರದೆಂಬ ಮಾತು. ಉತ್ತರಾಖಂಡ ಸರ್ಕಾರ ತನಿಖೆಗೆ ಆದೇಶಿಸಿತು. ಚಾರಣಕ್ಕೆ ಕರೆದೊಯ್ದ ಅಲ್ಲಿನ ಸಂಸ್ಥೆಯ ಮೇಲೆ ಪೊಲೀಸರು ನಿರ್ಲಕ್ಷ್ಯದ ಪ್ರಕರಣ ದಾಖಲಿಸಿದರು. ಹವಾಮಾನ ಇದ್ದಕ್ಕಿದ್ದಂತೆ ತಿರುಗಿತು, ಇದು ಪ್ರಕೃತಿ ವಿಕೋಪ, ಹೋದವರೆಲ್ಲ ಅನುಭವಿಗಳು ಎಂದರು ಕೆಲವರು. 19 ಜನಕ್ಕೆ ಮೂವರು ಗೈಡ್‌ಗಳು ಸಾಕೇ ಎಂದು ಕೇಳಿದರು ಕೆಲವರು. ಅನುಮತಿ ಕೊಟ್ಟ ಸರ್ಕಾರ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನೂ ಮಾಡಬೇಕಿತ್ತಲ್ಲ ಎಂದರು ಇನ್ನು ಕೆಲವರು. ನಮ್ಮ ದೇಶದಲ್ಲಿ ಉಪಗ್ರಹ ಫೋನನ್ನು ಸರ್ಕಾರದ ಅನುಮತಿ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು ಮಾತೂ ಬಂತು, ಅದು ನನ್ನ ವಯಸ್ಸಿನವರಿಗೆ ನಾಟುವಂಥದು. "ಆ ವಯಸ್ಸಿನಲ್ಲಿ ಯಾಕೆ ಹೋಗಬೇಕಿತ್ತು?" ಸತ್ತವರನ್ನು ಹಾಗೆ ಕೇಳುವುದು ಸುಲಭ, ಅವರು ಉತ್ತರ ಕೊಡುವುದಿಲ್ಲ. ಆದರೆ ಆ ಗಾಳಿ 34ರವರನ್ನೂ ಬಿಡಲಿಲ್ಲ ಎಂಬುದನ್ನು ಮರೆಯಬಾರದು.

ಮೊಮ್ಮಗನ ಪ್ರಶ್ನೆಗೆ ಮನೆಯಲ್ಲಿ ಕೂತು ಉತ್ತರ ಹೊಳೆಯಲಿಲ್ಲ. "ಸಹಿಯ ವಿಷಯ ಆಮೇಲೆ. ಮೊದಲು ನಮ್ಮ ಕಡೆಯ ಮೂರು ಊರು ನೋಡಿ ಬರೋಣ" ಅಂದೆ. ಸಂಕ್ರಾಂತಿ ಕಳೆದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ.

ಗುಡ್ಡದ ಮೇಲೆ

ಬೆಳಿಗ್ಗೆಯೇ ಬಳ್ಳಾರಿ ಗುಡ್ಡ ಹತ್ತಿದೆವು. ಬಂಡೆಯಲ್ಲೇ ಕಡಿದ ಮೆಟ್ಟಿಲು, ನಡುನಡುವೆ ಒಂದರ ಮೇಲೊಂದು ಕೂತ ಗುಂಡುಗಳು, ಮೇಲೆ ಮಳೆನೀರು ನಿಲ್ಲುವ ದೊಣೆಗಳು. ನಾನು ಐದು ಕಡೆ ಕೂತೆ, ಮೊಮ್ಮಗ ಒಂದು ಕಡೆಯೂ ಕೂರಲಿಲ್ಲ. ತುದಿಯಿಂದ ಊರು ಹರಡಿಟ್ಟ ಆಟಿಕೆಯ ಹಾಗೆ ಕಾಣುತ್ತದೆ. ಎದುರಿಗೆ ಕುಂಬಾರ ಗುಡ್ಡ.

ಅಲ್ಲಿ ಕೂತು ಮಕ್ಕಳಿಗೆ ಒಂದು ಲೆಕ್ಕ ಹೇಳಿದೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚುತ್ತದೆ. ಸಹಸ್ರತಾಲದಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ 60ರಷ್ಟು. ನಮ್ಮ ಮೈ ಸಾಧಾರಣವಾಗಿ 37 ಡಿಗ್ರಿ ಬಿಸಿ ಇರುತ್ತದೆ. ಒದ್ದೆ ಬಟ್ಟೆಯಲ್ಲಿ, ಬಿರುಗಾಳಿಯಲ್ಲಿ ಅದು 35ಕ್ಕಿಂತ ಕೆಳಗಿಳಿದರೆ ಅಪಾಯ. ಮೊದಲು ನಡುಕ ಬರುತ್ತದೆ, ಆಮೇಲೆ ನಾಲಿಗೆ ತೊದಲುತ್ತದೆ, ಕಾಲು ತಡವರಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬುದ್ಧಿ ಮಂಕಾಗುತ್ತದೆ. ಮುಂದೆ ಹೋಗಬೇಕೋ, ನಿಲ್ಲಬೇಕೋ, ಇಳಿಯಬೇಕೋ ಎಂದು ಆಗ ಯೋಚಿಸುವ ಶಕ್ತಿಯೇ ಇರುವುದಿಲ್ಲ.

"ಹಂಗಾದ್ರೆ ಯೋಚನೆ ಮಾಡೋದು ಯಾವಾಗ?" ಎಂದ ಮೊಮ್ಮಗ.

"ಕೆಳಗಿದ್ದಾಗ" ಎಂದಳು ಅವನಕ್ಕ. ಆ ಉತ್ತರ ನಾನು ಹೇಳಿಕೊಟ್ಟಿದ್ದಲ್ಲ.

ಕುರುಗೋಡಿನಲ್ಲಿ ಹತ್ತು ಗಂಟೆ

ಮರುದಿನ ಕುರುಗೋಡಿಗೆ ಹೋದೆವು. ಬಳ್ಳಾರಿಯಿಂದ ಒಂದು ತಾಸಿನ ದಾರಿ. 12ನೇ ಶತಮಾನದಲ್ಲಿ ಸಿಂದರು ಆಳಿದ ಊರು. ದೊಡ್ಡಬಸವೇಶ್ವರ ಗುಡಿಯ ಬಸವಣ್ಣ ಒಂದೇ ಕಲ್ಲಿನದು, ಸುಮಾರು 12 ಅಡಿ ಎತ್ತರ. ತಲೆಯೆತ್ತಿ ನೋಡಿದರೆ ಅವನೇ ಒಂದು ಗುಡ್ಡ. ಹೋಳಿ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ತೇರು. ಸಾವಿರಾರು ಕೈಗಳು ಹಗ್ಗ ಹಿಡಿಯುತ್ತವೆ. ಆದರೆ ತೇರು ನಡೆಯುವುದು, ನಿಲ್ಲುವುದು ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವ ನಾಲ್ಕಾರು ಜನರ ಕೂಗಿನ ಮೇಲೆ. ಅವರು ನಿಲ್ಲಿ ಎಂದರೆ ಎಷ್ಟು ದೊಡ್ಡ ಮನುಷ್ಯನಾದರೂ ಹಗ್ಗ ಸಡಿಲ ಬಿಡಬೇಕು. ಆ ಅಧಿಕಾರ ಅವರಿಗೆ ತೇರು ವಾಲಿದ ಮೇಲೆ ಕೊಟ್ಟಿದ್ದಲ್ಲ, ಕದಲುವ ಮೊದಲೇ ಕೊಟ್ಟಿದ್ದು.

ಊರಿನ ಹಿಂದಿನ ಗುಡ್ಡದಲ್ಲಿ ಹಳೆಯ ಕೋಟೆಗೋಡೆಗಳಿವೆ. ಹತ್ತುವ ಮುಂಚೆ ಮೊಮ್ಮಗಳಿಗೆ, "ಇವತ್ತು ನೀನೇ ನಾಯಕಿ. ಎಷ್ಟು ಹೊತ್ತಿಗೆ ತಿರುಗಬೇಕು?" ಎಂದೆ. "ಹತ್ತು ಗಂಟೆಗೆ. ಎಲ್ಲಿದ್ದರೂ ಸರಿ" ಅಂದಳು. ಮೂವರೂ ಒಪ್ಪಿದೆವು.

ಹತ್ತಕ್ಕೆ ಇನ್ನೈದು ನಿಮಿಷವಿದ್ದಾಗ ಮೇಲೊಂದು ಗೋಡೆ ಕಂಡಿತು. ನೂರು ಹೆಜ್ಜೆ ಇದ್ದೀತು. ಮೊಮ್ಮಗ, "ಅಕ್ಕಾ, ಇಷ್ಟೇ ದೂರ" ಎಂದು ಗೋಗರೆದ. ನನಗೂ ಆ ಗೋಡೆಯ ಹಿಂದೆ ಏನಿದೆ ಎಂದು ನೋಡುವ ಆಸೆ. ಅವಳು ಗಡಿಯಾರ ತೋರಿಸಿ, "ತಾತ, ಹತ್ತು ಗಂಟೆ" ಎಂದಳು. ಎರಡನೇ ಮಾತಿಲ್ಲದೆ ತಿರುಗಿದೆವು. ಇಳಿಯುವಷ್ಟರಲ್ಲಿ ಬಂಡೆ ಕಾಯ್ದು ಕೈಯಿಡಲಾಗದಂತಾಗಿತ್ತು. ಬಾಟಲಿಯಲ್ಲಿ ಉಳಿದದ್ದು ನಾಲ್ಕು ಗುಟುಕು ನೀರು.

ನೆರಳಲ್ಲಿ ಕೂತು ಅವರಿಗೆ ಎವರೆಸ್ಟಿನ ಕಥೆ ಹೇಳಿದೆ. 1996ರ ಮೇ 10. ರಾಬ್ ಹಾಲ್ ಮತ್ತು ಸ್ಕಾಟ್ ಫಿಶರ್ ಎಂಬ ಇಬ್ಬರು ಹೆಸರಾಂತ ನಾಯಕರ ತಂಡಗಳು ತುದಿಯತ್ತ ಹೊರಟಿದ್ದವು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ದರೂ ತಿರುಗಬೇಕೆಂಬ ಮಾತಿತ್ತು. ಆದರೂ ಎರಡಾದ ಮೇಲೂ ಹಲವರು ಹತ್ತುತ್ತಲೇ ಇದ್ದರು. ಸಂಜೆ ಬಿರುಗಾಳಿ ಬಡಿಯಿತು. ಇಬ್ಬರು ನಾಯಕರೂ ಸೇರಿ ಐವರು ಆ ಕಡೆ ಸತ್ತರು. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಮೂವರು ಸತ್ತರು.

ಅಲ್ಲೂ ವಾದ ಎದ್ದಿತು. ಫಿಶರ್ ತಂಡದ ಗೈಡ್ ಅನಾತೊಲಿ ಬೂಕ್ರೀವ್ ಆಮ್ಲಜನಕದ ಸಿಲಿಂಡರ್ ಬಳಸದೆ ಹತ್ತಿದ, ತನ್ನವರಿಗಿಂತ ಮೊದಲೇ ಇಳಿದುಬಿಟ್ಟ ಎಂದು ಜೊತೆಗೆ ಹತ್ತಿದ್ದ ಪತ್ರಕರ್ತ ಜಾನ್ ಕ್ರಾಕವರ್ ಬರೆದರು. ಮೊದಲೇ ಇಳಿದುದರಿಂದಲೇ ರಾತ್ರಿ ಬಿರುಗಾಳಿಗೆ ಮತ್ತೆ ಹೊರಟು ಮೂವರನ್ನು ಬದುಕಿಸಲು ಸಾಧ್ಯವಾಯಿತು ಎಂದು ಬೂಕ್ರೀವ್ ಇನ್ನೊಂದು ಪುಸ್ತಕದಲ್ಲಿ ಉತ್ತರ ಕೊಟ್ಟರು. ಎರಡೂ ಪುಸ್ತಕಗಳು ಬಂದದ್ದು 1997ರಲ್ಲಿ. ಅದೇ ವರ್ಷ ಕ್ರಿಸ್‌ಮಸ್ ದಿನ ಅನ್ನಪೂರ್ಣಾ ಬೆಟ್ಟದಲ್ಲಿ ಹಿಮ ಕುಸಿದು ಬೂಕ್ರೀವ್ ಸತ್ತರು. ವಾದ ಮಾತ್ರ ಉಳಿಯಿತು.

ಹಾಗೆಂದು ಗಡಿಯಾರ ನೋಡಿ ತಿರುಗಿದರೆ ಎಲ್ಲ ಅಪಾಯವೂ ತಪ್ಪುತ್ತದೆ ಎನ್ನಲಾರೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದ ಮೇಲೆ ಹಿಮ ಕುಸಿಯಿತು. 29 ಮಂದಿ ಹೋದರು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಿದ್ದ ಸವಿತಾ ಕಂಸ್ವಾಲ್ ಅಲ್ಲಿ ಕಲಿಸುವವರಾಗಿದ್ದರು, ಅವರೂ ಹೋದರು. ಬೆಟ್ಟದ ಕಡೆಯಿಂದ ಬರುವ ಅಪಾಯ ಒಂದಿದೆ. ನಮ್ಮ ಕಡೆಯಿಂದ ಸೇರಿಸುವ ಅಪಾಯ ಇನ್ನೊಂದಿದೆ. ನಮ್ಮ ಕೈಯಲ್ಲಿರುವುದು ಎರಡನೆಯದು.

ಸಿರುಗುಪ್ಪದ ಹೊಳೆಯಲ್ಲಿ

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋದೆವು. ಬಂಡೆಗುಡ್ಡಗಳು ಹಿಂದೆ ಸರಿದು ತುಂಗಭದ್ರೆಯ ನೀರುಂಡ ಗದ್ದೆಗಳು ಶುರುವಾಗುತ್ತವೆ. ಊರ ತುಂಬ ಅಕ್ಕಿ ಗಿರಣಿಗಳು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಂಗಳಲ್ಲಿ ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅವನ ಮಾತನ್ನು ಇಲ್ಲಿಯ ಬಂಡೆಯ ಮೇಲೆ ಕೊರೆದಿದ್ದಾರೆ. ಹೇಳುವ ಮಾತನ್ನು ಮೊದಲೇ, ಎಲ್ಲರಿಗೂ ಕಾಣುವಂತೆ ಬರೆದಿಡಬೇಕೆಂಬುದು ನಮ್ಮ ಸೀಮೆಗೆ ಹೊಸದೇನಲ್ಲ.

ಹೊಳೆಯ ದಂಡೆಯಲ್ಲಿ ಹರಿಗೋಲು ಕಂಡ ಕೂಡಲೇ ಮೊಮ್ಮಗ ಕುಣಿದ. ಗಾಳಿ ಜೋರಾಗಿತ್ತು. ನಡುವಯಸ್ಸಿನ ಅಂಬಿಗರು ನೀರು ನೋಡಿದರು, ಆಕಾಶ ನೋಡಿದರು. "ಗಾಳಿ ಬಿದ್ದಮ್ಯಾಲೆ ಬರ್ರಿ ಸಾರ್. ಈಗ ಹರಿಗೋಲು ಹಾಕಂಗಿಲ್ಲ" ಅಂದರು.

ಪಕ್ಕದಲ್ಲಿದ್ದ ಒಬ್ಬರು, "ಇನ್ನೂರು ಹೆಚ್ಚಿಗೆ ಕೊಡ್ತೀನಿ, ಹಾಕಪ್ಪ" ಎಂದರು.

"ರೊಕ್ಕಕ್ಕೆ ಗಾಳಿ ನಿಲ್ತೈತೇನ್ರಿ?" ಎಂದು ಅಂಬಿಗರು ಹರಿಗೋಲನ್ನು ಮಗುಚಿ ಹಾಕಿ ಅದರ ನೆರಳಲ್ಲಿ ಬೀಡಿ ಹಚ್ಚಿದರು. ಆ ದಿನದ ಕೂಲಿ ಅವರಿಗೆ ಹೋಯಿತು. ಹರಿಗೋಲು ಮುಳುಗಿದ್ದರೆ ನಾಲ್ಕು ಊರಿಗೆ ಸುದ್ದಿಯಾಗುತ್ತಿತ್ತು. ಹಾಕಲಿಲ್ಲ, ಅದು ಎಲ್ಲೂ ಸುದ್ದಿಯಾಗಲಿಲ್ಲ. ಈ ಪತ್ರಿಕೆಯಲ್ಲಾದರೂ ಆಗಲಿ ಎಂದು ಬರೆಯುತ್ತಿದ್ದೇನೆ.

ಎರಡು ಬೀಗದ ಕೈ

ಬ್ಯಾಂಕಿನಲ್ಲಿ ಹಣದ ತಿಜೋರಿಗೆ ಒಂದೇ ಬೀಗದ ಕೈ ಇರುವುದಿಲ್ಲ. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಇಬ್ಬರೂ ಬರದೆ ಬಾಗಿಲು ತೆರೆಯದು. ಸಂಜೆ ಎಣಿಸಿ ಇಬ್ಬರೂ ಸಹಿ ಹಾಕಬೇಕು. ಹಣ ಕಡಿಮೆ ಬಂದ ದಿನ ಯಾರನ್ನು ಹಿಡಿಯಬೇಕೆಂದು ಹುಡುಕುವ ಪ್ರಶ್ನೆಯೇ ಇಲ್ಲ. ಯಾರ ಹತ್ತಿರ ಯಾವ ಕೈ ಇದೆ ಎಂಬುದು ಮೊದಲೇ ಪುಸ್ತಕದಲ್ಲಿ ಬರೆದಿರುತ್ತದೆ. ಈ ಪದ್ಧತಿಯಿಂದ ಕಳ್ಳತನ ಪೂರ್ತಿ ನಿಂತಿತು ಎನ್ನಲಾರೆ. ಆದರೆ ಇಬ್ಬರಿಗೂ ಹೊಣೆ ಇರುವುದರಿಂದ ಇಬ್ಬರೂ ಎಚ್ಚರವಾಗಿರುತ್ತಾರೆ.

ಮೊಮ್ಮಗಳ ಫಾರಂನಲ್ಲಿ ಇದ್ದದ್ದು ಒಂದೇ ಬೀಗದ ಕೈ. ಅದನ್ನೂ ಹದಿನೇಳು ವರ್ಷದ ಹುಡುಗಿಯ ಕೈಗೆ ಕೊಟ್ಟಿದ್ದರು. ಮನೆಗೆ ಬಂದು ನಾವು ಮೂವರೂ ಕೂತು ನಾಲ್ಕು ಪ್ರಶ್ನೆ ಬರೆದೆವು.

1. ದಿನಾ ಎಷ್ಟು ಗಂಟೆಗೆ ತಿರುಗಬೇಕು? ಅದನ್ನು ಹೇಳುವ ಒಬ್ಬ ವ್ಯಕ್ತಿ ಯಾರು?

2. ಎಷ್ಟು ಜನಕ್ಕೆ ಎಷ್ಟು ಗೈಡ್‌ಗಳು? ಕೆಲವರು ಹಿಂದೆ ಬಿದ್ದರೆ ಅವರ ಜೊತೆ ಯಾರಿರುತ್ತಾರೆ?

3. ಫೋನ್ ಸಿಗ್ನಲ್ ಇಲ್ಲದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ? ಎಷ್ಟು ಹೊತ್ತಿಗೆ ಮುಟ್ಟುತ್ತದೆ?

4. ನಡುದಾರಿಯಲ್ಲಿ ಯಾರಾದರೂ ಸಾಕು ಎಂದರೆ ಅವರನ್ನು ಕೆಳಗೆ ಕರೆತರುವವರು ಯಾರು? ಅವರು ಕಟ್ಟಿದ ಹಣ ಏನಾಗುತ್ತದೆ?

ನಾಲ್ಕನೆಯದನ್ನು ಸೇರಿಸಿದ್ದು ಸೊಸೆ. ಹಣ ಹೋಗುತ್ತದೆಂಬ ಸಂಕೋಚಕ್ಕೆ ಎಷ್ಟೋ ಜನ ಆಗದಿದ್ದರೂ ಮುಂದೆ ನಡೆಯುತ್ತಾರೆ ಎಂಬುದು ಅವಳ ಮಾತು. ನಿಜ ಅನ್ನಿಸಿತು.

ಉತ್ತರ ಬಂತು. ಮೂರಕ್ಕೆ ವಿವರವಾಗಿ ಬರೆದಿದ್ದರು. ಸುದ್ದಿ ಮುಟ್ಟಿಸುವ ಪ್ರಶ್ನೆಗೆ ಮಾತ್ರ "ಸೂಕ್ತ ವ್ಯವಸ್ಥೆ ಇರುತ್ತದೆ" ಎಂದಿತ್ತು. ಅವಳೇ ಓದಿ, "ಇದು ಉತ್ತರ ಅಲ್ಲ ತಾತ" ಅಂದಳು, ಮತ್ತೆ ಬರೆದಿದ್ದಾಳೆ. ಇದಕ್ಕೆ ಸರಿಯಾದ ಉತ್ತರ ಬಂದರೆ ಸಹಿ ಹಾಕುತ್ತೇನೆ. ಬರದಿದ್ದರೆ ಈ ವರ್ಷ ಬೇಡ ಎಂದು ಹೇಳಿದವಳು ಅವಳೇ.

ಮೊಮ್ಮಗನ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. ಸಹಸ್ರತಾಲದಲ್ಲಿ ತಪ್ಪು ಯಾರದು ಎಂಬುದನ್ನು ಸಾಕ್ಷಿ ನೋಡಿ ಹೇಳಬೇಕಾದವರು ತನಿಖೆಯವರು, ನ್ಯಾಯಾಲಯದವರು. ಬಳ್ಳಾರಿಯಲ್ಲಿ ಕೂತ ನಾನಲ್ಲ. ಆದರೆ ಅವನಿಗೆ ಇಷ್ಟು ಹೇಳಿದೆ: ಒಬ್ಬರನ್ನು ಹಿಡಿದು ಶಿಕ್ಷಿಸಿದ ಕೂಡಲೇ ಉಳಿದವರೆಲ್ಲ ಮನೆಗೆ ಹೋಗಿ ಮಲಗಿದರೆ, ಮುಂದಿನ ತಂಡಕ್ಕೆ ಕುಂಬಾರ ಗುಡ್ಡ ಹಾಗೆಯೇ ಕಾದಿರುತ್ತದೆ. ಹೊಣೆ ಹಂಚಿಕೊಳ್ಳುವ ಮಾತು ಹೊರಡುವ ಮುಂಚೆ ಆಗಬೇಕು. ಕರೆದೊಯ್ಯುವವರು, ಅನುಮತಿ ಕೊಡುವವರು, ಹೋಗುವವರು, ಮನೆಯಲ್ಲಿ ಸಹಿ ಹಾಕುವವರು, ಒಬ್ಬೊಬ್ಬರಿಗೂ ಒಂದೊಂದು ಬೀಗದ ಕೈ.

ನಮ್ಮ ಗುಡ್ಡಗಳಿಗೆ ಹೋಗುವವರಿಗೆ

ಬಳ್ಳಾರಿಗೆ ಬೆಂಗಳೂರು, ಹುಬ್ಬಳ್ಳಿಗಳಿಂದ ರೈಲು, ಬಸ್ಸು ಎರಡೂ ಇವೆ. ಗುಡ್ಡ ನೋಡಲು ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಉಳಿದ ತಿಂಗಳಲ್ಲಿ ನಮ್ಮ ಬಿಸಿಲಿನ ಜೊತೆ ಪಂದ್ಯ ಕಟ್ಟಬೇಡಿ. ಒಬ್ಬೊಬ್ಬರಿಗೂ ಒಂದು ಲೀಟರಿಗಿಂತ ಹೆಚ್ಚು ನೀರು ಬೇಕು. ಈ ಕಡೆಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆಗಳ ಓಡಾಟ ಇದೆ. ಕತ್ತಲಾಗುವ ಮೊದಲೇ ಇಳಿದುಬಿಡಿ. ಅಜ್ಜ ಅಜ್ಜಿಯರು ಬಿಪಿ, ಸಕ್ಕರೆಯ ಮಾತ್ರೆಯ ವಿಷಯವನ್ನು ಜೊತೆಯವರಿಂದ ಮುಚ್ಚಿಡಬೇಡಿ. ಹತ್ತುವ ಮೊದಲು ತಿರುಗುವ ಹೊತ್ತು ಗೊತ್ತುಮಾಡಿ, ಅದನ್ನು ಕೂಗಿ ಹೇಳುವ ಕೆಲಸ ಒಬ್ಬ ಮಗುವಿಗೆ ಕೊಡಿ. ಮಕ್ಕಳಷ್ಟು ಕಟ್ಟುನಿಟ್ಟಿನ ನಾಯಕರು ಬೇರೆ ಇಲ್ಲ.

ಇಳಿದು ಬಂದ ಮೇಲೆ ಊರಲ್ಲಿ ಬಿಸಿಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತದೆ. ಅದಕ್ಕೆ ಯಾವ ಫಾರಮ್ಮಿಗೂ ಸಹಿ ಬೇಕಿಲ್ಲ.